ಹೊಳಪು ತೆಗೆದ ಲೋಟಗಳು

ಇವತ್ತು ಬೆಳಿಗ್ಗೆ ನಮ್ಮ ಹೋಟೆಲಿಗೆ ಹೊಸ ಸ್ಟೀಲ್ ಲೋಟಗಳು ಬಂದವು. ಕಲ್ಯಾಣದ ಪಾತ್ರೆ ಅಂಗಡಿಗೆ ಹೋಗಿ ಆರಿಸಿ ತಂದವನು ನನ್ನ ತಮ್ಮ ಸುರೇಶ. ಒಂದನ್ನು ಎತ್ತಿ ನೋಡಿದೆ. ನನ್ನ ಮುಖ ಪಡುವಲಕಾಯಿಯಂತೆ ಉದ್ದವಾಗಿ ಕಂಡಿತು. ನಗು ಬಂತು. ನೀವು ನಂಬುತ್ತೀರೋ ಇಲ್ಲವೋ, ಹೊಳೆಯುವ ಲೋಟಕ್ಕೆ ನಾವು ಹೆದರುತ್ತಿದ್ದ ಕಾಲವೊಂದಿತ್ತು.

ಮುಂಬೈ ಹತ್ತಿರದ ಡೊಂಬಿವಲಿಯ ಈ ಹೋಟೆಲನ್ನು ಶುರು ಮಾಡಿದ್ದು ಉಡುಪಿಯಿಂದ ಬಂದ ನಮ್ಮಪ್ಪ. ಅಡುಗೆಮನೆ ನನ್ನದು, ಗಲ್ಲಾ ಸುರೇಶನದು. ನನಗೆ ಗಿರಾಕಿಗಳ ಹತ್ತಿರ ಮಾತಾಡಲು ಬರುವುದಿಲ್ಲ; ಅವನೋ, ಮರಾಠಿಯಲ್ಲಿ ಹರಟೆ ಹೊಡೆದೇ ಇನ್ನೊಂದು ಪ್ಲೇಟ್ ವಡೆ ತಿನ್ನಿಸಿ ಕಳಿಸುವವನು. ಅಂಥವನು ಒಂದು ದಿನ ಅಡುಗೆಮನೆಗೆ ಬಂದು, "ಅಣ್ಣ, ನನ್ನ ಮೂಗು ಸೊಟ್ಟ ಉಂಟಲ್ವಾ?" ಎಂದು ಕೇಳಿದ.

"ಎಂಥ ಸೊಟ್ಟ ಮಾರಾಯ, ಅಪ್ಪನದ್ದೇ ಮೂಗು" ಅಂದೆ.

ಮಾತು ಮುಗಿಯಿತು ಅಂದುಕೊಂಡಿದ್ದೆ. ಮರುದಿನ ಹತ್ತು ಸಲ ಕೇಳಿದ. ನಾನೂ ಹತ್ತು ಸಲ ಚೆನ್ನಾಗಿದೆ ಅಂದೆ. ತಿಂಗಳೊಪ್ಪತ್ತಿನಲ್ಲಿ ಮಾಸ್ಕ್ ಹಾಕಿಕೊಂಡು ಗಲ್ಲಾದಲ್ಲಿ ಕೂರತೊಡಗಿದ. ಆಮೇಲೆ ಕೂರುವುದನ್ನೇ ಬಿಟ್ಟು ಕೋಣೆ ಸೇರಿದ.

ಉಡುಪಿ ಹೋಟೆಲಿನಲ್ಲಿ ಕನ್ನಡಿಗೆ ಬರವೇ? ಕೈ ತೊಳೆಯುವ ಬೇಸಿನ್ನಿನ ಮೇಲೆ ಇದ್ದದ್ದು ಒಂದು. ಲೋಟ, ಬಟ್ಟಲು, ಜಗ್, ಸೌಟು ಎಲ್ಲದರಲ್ಲೂ ಅವನಿಗೆ ಮೂಗೇ ಕಾಣುತ್ತಿತ್ತು. ನಾನು ಮಹಾ ಬುದ್ಧಿವಂತ ನೋಡಿ, ಬೇಸಿನ್ನಿನ ಕನ್ನಡಿ ಕಿತ್ತು ಅಟ್ಟಕ್ಕೆ ಹಾಕಿದೆ. ಪಾತ್ರೆ ತೊಳೆಯುವ ಶಾಂತಕ್ಕನಿಗೆ ಒರಟು ನಾರು ಕೊಟ್ಟು, ಲೋಟದ ಹೊಳಪು ಹೋಗುವಂತೆ ತಿಕ್ಕಲು ಹೇಳಿದೆ. ಆಕೆ ಧಾರವಾಡದ ಕಡೆಯವಳು. "ಇಷ್ಟ್ ದಿನ ಹೊಳಿಲಿಲ್ಲಂದ್ರ ಬೈತಿದ್ರಿ, ಈಗ ಹೊಳದ್ರ ಬೈತೀರಿ. ಏನಾಗೇತ್ರಿ ನಿಮ್ಗ?" ಅಂದಳು. ಲೋಟ ತೊಳೆದಿಲ್ಲವೇ ಎಂದು ಗಿರಾಕಿಗಳು ಗೊಣಗಿದರು. ಸುರೇಶ ಮಾತ್ರ ಕೋಣೆಯಿಂದ ಹೊರಬರಲಿಲ್ಲ.

ಕೊನೆಗೆ ಮೂಗಿನ ಆಪರೇಷನ್ ಮಾಡಿಸುತ್ತೇನೆಂದು ಹಟ ಹಿಡಿದ. ಠಾಣೆಯ ಸರ್ಜನ್ ಪುಣ್ಯಾತ್ಮರು, ಕತ್ತಿ ಮುಟ್ಟಲಿಲ್ಲ. ಅಲ್ಲೇ ಮಾಜಿವಾಡಾದ ಮನೋವೈದ್ಯೆಯ ಬಳಿ ಕಳಿಸಿದರು. ಇದು ಅಂದದ ಹುಚ್ಚಲ್ಲ, ಇಲ್ಲದ ಊನವನ್ನೇ ದೊಡ್ಡದಾಗಿ ಕಾಣಿಸುವ ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಎಂಬ ಕಾಯಿಲೆ ಎಂದು ಆಕೆ ಹಿಂದಿಯಲ್ಲಿ ತಾಳ್ಮೆಯಿಂದ ವಿವರಿಸಿದರು. ದಿನವೂ ಮಾತ್ರೆ, ಪ್ರಮಾಣ ನಿಧಾನಕ್ಕೆ ಏರುತ್ತದೆ, ಗುಣ ಕಾಣಲು ಮೂರು ತಿಂಗಳಾದರೂ ಬೇಕು, ಜೊತೆಗೆ ವಾರಕ್ಕೊಮ್ಮೆ ಮಾತುಕತೆ. ನನ್ನ ಲೋಟದ ಕಥೆ ಕೇಳಿ ನಕ್ಕುಬಿಟ್ಟರು. ಕನ್ನಡಿ ಮತ್ತೆ ಹಾಕಿ, ಮೂಗು ಹೇಗಿದೆ ಎಂದು ಕೇಳಿದರೆ ಇನ್ನು ಉತ್ತರ ಕೊಡಬೇಡಿ ಅಂದರು. ಚೆನ್ನಾಗಿದೆ ಅಂದಷ್ಟೂ ಅನುಮಾನ ಮತ್ತೆ ಮತ್ತೆ ಕೇಳಿಸುತ್ತದಂತೆ. ತಮ್ಮ ಕೇಳಿದಾಗ ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಷ್ಟವೆಂದು ನನ್ನನ್ನು ಕೇಳಿ.

ಮೊದಲ ವಾರಗಳಲ್ಲಿ ಮಾತ್ರೆಯಿಂದ ಅವನಿಗೆ ಹೊಟ್ಟೆ ತೊಳಸುತ್ತಿತ್ತು, ದೋಸೆ ಸೇರುತ್ತಿರಲಿಲ್ಲ. ಆರು ವಾರವಾದರೂ ಅದೇ ಕೋಣೆ, ಅದೇ ಮಾಸ್ಕ್. ನನ್ನ ತಲೆ ಕೆಟ್ಟಿತು. "ಸಾಕು ಮಾರಾಯ, ಇದರಿಂದ ಎಂಥದೂ ಆಗುದಿಲ್ಲ. ಬಿಟ್ಟುಬಿಡು" ಅಂದೆ.

ಅವನು ಮಾತ್ರೆ ನುಂಗಿ, ನೀರು ಕುಡಿದು, ಮೆಲ್ಲಗೆ ಹೇಳಿದ: "ಹಿಟ್ಟು ಹುಳಿ ಬರ್ಲಿಕ್ಕೆ ದಿನಾ ಕಾಯ್ತಿಯಲ್ಲ ಅಣ್ಣ, ನಂಗೋಸ್ಕರವೂ ಸ್ವಲ್ಪ ಕಾಯು."

ಆ ದಿನ ಈರುಳ್ಳಿ ಹೆಚ್ಚುವ ಕೆಲಸ ನಾನೇ ವಹಿಸಿಕೊಂಡೆ. ಅಳಲಿಕ್ಕೆ ನೆಪ ಬೇಕಿತ್ತು.

ಮೂರನೆಯ ತಿಂಗಳ ಕೊನೆಗೆ, ಸುರೇಶ ಮಾಸ್ಕ್ ಇಲ್ಲದೆ ಬಂದು ಗಲ್ಲಾದಲ್ಲಿ ಕುಳಿತ. ಶಾಂತಕ್ಕ ಚಹಾ ತಂದಿಟ್ಟಳು. "ಕೆಲವು ಸಲ ಈಗ್ಲೂ ಸೊಟ್ಟವೇ ಕಾಣ್ತದೆ. ಆದ್ರೆ ದಿನವಿಡೀ ಅದೇ ಯೋಚನೆ ಇಲ್ಲ" ಎಂದು ಆಮೇಲೊಮ್ಮೆ ಹೇಳಿದ. ಮಾತ್ರೆ ಇನ್ನೂ ನಡೆಯುತ್ತಿದೆ. ನಿಲ್ಲಿಸುವ ಮಾತನ್ನು ಡಾಕ್ಟರ್ ಹೇಳಲಿ. ನಾನಂತೂ ಬಾಯಿ ಬಿಡುವುದಿಲ್ಲ.

ಗೀಚಿ ಮಂಕಾದ ಹಳೆಯ ಲೋಟಗಳನ್ನು ಇವತ್ತು ಗುಜರಿಗೆ ಹಾಕಿದೆವು. ಹೊಸದೊಂದನ್ನು ಹಿಡಿದು ನಾನು ನಗುತ್ತಿದ್ದಾಗ ಸುರೇಶ ಗಲ್ಲಾದಿಂದಲೇ ಕೂಗಿದ:

"ಅಣ್ಣ, ನಿನ್ನ ಮೂಗಿನ ಮೇಲೆ ಹಿಟ್ಟುಂಟು. ಹೋಗಿ ಕನ್ನಡಿ ನೋಡು."

ಬೇಸಿನ್ನಿನ ಮುಂದೆ ಹೋಗಿ ನಿಂತೆ. ಹೌದು, ಹಿಟ್ಟಿತ್ತು. ಒರೆಸಿಕೊಳ್ಳಲು ಮನಸ್ಸೇ ಬರಲಿಲ್ಲ.