ಕನ್ನಡಕದಕ್ಕನ ಕೋಲು

ನಮ್ಮ ಬೀದಿಯ ಕನ್ನಡಕದ ಅಂಗಡಿಯ ಹಿಂದೆ ಒಂದು ಉದ್ದನೆಯ ಕೋಣೆ ಇದೆ. ಕಣ್ಣು ಪರೀಕ್ಷೆಗೆಂದು ಕಟ್ಟಿಸಿದ್ದು. ಕಿಟಕಿ ಇಲ್ಲ, ಎದುರು ಗೋಡೆ ಪೂರ್ತಿ ಬಿಳಿ, ಅದರ ಮೇಲೆ ಅಂಗೈಯಗಲದಿಂದ ಶುರುವಾಗಿ ಇರುವೆಯಷ್ಟಕ್ಕೆ ಇಳಿಯುವ ಅಕ್ಷರಗಳ ಹಲಗೆ. ಭಾನುವಾರ ಸಂಜೆ ಆ ಹಲಗೆಯನ್ನು ಕಳಚಿ ಮೂಲೆಗಿಟ್ಟು ಅದೇ ಗೋಡೆಯ ಮೇಲೆ ಕಿರುಚಿತ್ರ ಹಾಕುತ್ತಾರೆ. ಚಿತ್ರ ಹತ್ತು ನಿಮಿಷದ್ದಾದರೆ ಅದರ ಮೇಲಿನ ಚರ್ಚೆ ಊಟದ ಹೊತ್ತು ಮೀರುವವರೆಗೆ. ನಾನು ಆ ಗುಂಪಿನ ಹಳೆಯ ಸದಸ್ಯ ಮತ್ತು ಎಲ್ಲರ ಒಮ್ಮತದ ತೀರ್ಮಾನದಂತೆ ಅದರ ಅತ್ಯಂತ ಮಂದ ಸದಸ್ಯ. ವಾರಪತ್ರಿಕೆಗೆ ನಗೆಬರಹ ಬರೆಯುವವನೆಂದು ನನ್ನನ್ನು ಸಹಿಸಿಕೊಂಡಿದ್ದಾರೆ.

ಗುಂಪು ಕಟ್ಟಿದವರು ಅಂಗಡಿಯ ಒಡತಿ. ನನಗಿಂತ ಚಿಕ್ಕವರೇ, ಆದರೂ ಬೀದಿಗೆಲ್ಲ ಅವರು ಕನ್ನಡಕದಕ್ಕ. ಹಗಲೆಲ್ಲ ಫ್ರೇಮನ್ನು ಬಿಸಿಗಾಳಿಗೆ ಹಿಡಿದು ಕಡ್ಡಿ ಬಗ್ಗಿಸುವುದು, ಕಣ್ಣಿಗೆ ಕಾಣದ ಸ್ಕ್ರೂ ಬಿಗಿ ಮಾಡುವುದು, ತಮಗೆ ಕನ್ನಡಕವೇ ಬೇಡ ಎಂದು ವಾದಿಸುವವರಿಗೆ ಕನ್ನಡಕ ಹಾಕಿಸಿ ಕಳಿಸುವುದು. ಕಿರುಚಿತ್ರದ ಹುಚ್ಚು ಅವರಿಗೆ ಎಲ್ಲಿಂದ ಹತ್ತಿತೋ ಗೊತ್ತಿಲ್ಲ. ದೊಡ್ಡ ಸಿನಿಮಾದಲ್ಲಿ ತಪ್ಪು ಮಾಡಿ ಮುಚ್ಚಿಡೋಕೆ ಜಾಗ ಇರುತ್ತೆ, ಚಿಕ್ಕದರಲ್ಲಿ ಇರಲ್ಲ ಎಂಬುದು ಅವರು ಕೊಡುತ್ತಿದ್ದ ಕಾರಣ.

ಅವರ ಕ್ರಮ ಹೀಗೆ. ಚಿತ್ರವನ್ನು ಮೊದಲು ಸದ್ದಿನೊಂದಿಗೆ ಹಾಕುತ್ತಾರೆ, ಆಮೇಲೆ ಸದ್ದಡಗಿಸಿ ಇನ್ನೊಮ್ಮೆ. ನಂತರ ಒಬ್ಬೊಬ್ಬರೂ ಹೇಳಬೇಕು: ಕ್ಯಾಮೆರಾ ಯಾರ ಪಕ್ಕ ನಿಂತಿತ್ತು, ಯಾರಿಗೆ ಏನು ಬೇಕಿತ್ತು, ಕಥೆ ಹೇಳುವವನು ಏನನ್ನು ಬಿಟ್ಟಿದ್ದಾನೆ. ನಿಯಮ ಒಂದೇ. ಪರದೆಯ ಮೇಲೆ ಇಲ್ಲದ್ದನ್ನು ಮಾತಾಡುವಂತಿಲ್ಲ. ನಮ್ಮ ಮಾವನೂ ಹೀಗೇ ಇದ್ದರು ಎಂದೋ, ನಿಜ ಜೀವನದಲ್ಲಿ ಹೀಗೆಲ್ಲ ಆಗಲ್ಲ ಎಂದೋ ಯಾರಾದರೂ ಶುರು ಮಾಡಿದರೆ, ಅಕ್ಷರ ತೋರಿಸುವ ತೆಳ್ಳನೆಯ ಕೋಲಿನಿಂದ ಗೋಡೆಗೆ ತಟ್ ಎಂದು ಒಂದೇಟು. ಬಾಯಿ ಮುಚ್ಚಬೇಕು. ಆ ಕೋಲಿನ ಸದ್ದಿನಲ್ಲಿ ಮುಕ್ಕಾಲು ಪಾಲು ನನ್ನ ಲೆಕ್ಕದ್ದು.

ಉಳಿದವರೂ ಏನು ಕಮ್ಮಿ ಇರಲಿಲ್ಲ. ಡ್ರಾಯಿಂಗ್ ಮೇಷ್ಟ್ರಿಗೆ ಕಥೆ ಬೇಕಿಲ್ಲ. ಚಿತ್ರದಲ್ಲಿ ಕೊಲೆಯೇ ನಡೆದರೂ ಎಡಗಡೆ ಭಾರ ಜಾಸ್ತಿಯಾಯಿತು ಎನ್ನುತ್ತಿದ್ದರು. ಔಷಧಿ ಅಂಗಡಿಯಾಕೆಗೆ ಪಾತ್ರಗಳೆಲ್ಲ ರೋಗಿಗಳು. ವಿರಹದಿಂದ ಕೃಶನಾದ ನಾಯಕನಿಗೆ ಜಂತುಹುಳು ಎಂದು ತೀರ್ಮಾನ ಕೊಟ್ಟ ಮಹಾತಾಯಿ. ನನಗಾದರೋ ಗಡಿಯಾರ ಕಂಡರೆ ಸಾಕು, ಅದು ಕಾಲದ ಸಂಕೇತ. ಗೋಡೆಯಲ್ಲಿ ಗಡಿಯಾರ ಇಲ್ಲದಿದ್ದರೆ ಅದು ಕಾಲದ ಅಭಾವದ ಸಂಕೇತ. ಮನೆಯಲ್ಲಿ ಇದನ್ನು ಹೇಳಿಕೊಂಡಾಗ ನನ್ನ ಹೆಂಡತಿ, ಅಷ್ಟು ಕಾಲದ ಬಗ್ಗೆ ಗೊತ್ತಿದ್ದರೆ ಹೊತ್ತಿಗೆ ಸರಿಯಾಗಿ ಊಟಕ್ಕೆ ಬನ್ನಿ ಎಂದಳು.

ಅಕ್ಕನಿಗೆ ಒಬ್ಬನೇ ತಮ್ಮ. ಅದೇ ಕೋಣೆಯಲ್ಲಿ ಅಕ್ಕನ ಪಕ್ಕ ಕೂತು ಚಿತ್ರ ನೋಡುವುದನ್ನು ಕಲಿತವನು. ಆಮೇಲೆ ಬೇರೆ ಊರಿಗೆ ಹೋಗಿ ಮದುವೆ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವ ಕೆಲಸ ಹಿಡಿದಿದ್ದ. ಅವರ ತಾಯಿಗೆ ಕೊನೆಯ ವರ್ಷ ಮರೆವು ಮುತ್ತಿಕೊಂಡಿತ್ತು. ತಾನು ಪುಟ್ಟ ಹುಡುಗಿ, ಸ್ಕೂಲಿಗೆ ಹೊತ್ತಾಯಿತು ಎಂದು ಕೈಚೀಲ ಹಿಡಿದು ಹೊರಡುತ್ತಿದ್ದರು. ಒಮ್ಮೆ ಅಂಗಡಿಗೇ ಬಂದು, ಮಗಳನ್ನೇ ಟೀಚರ್ ಎಂದು ಕರೆದು, ಲೇಟಾಯಿತು ಎಂದು ಕ್ಷಮೆ ಕೇಳಿದ್ದನ್ನು ನಾನೇ ನೋಡಿದ್ದೇನೆ. ಅಕ್ಕ ಸ್ವಲ್ಪವೂ ನಗದೆ, ಪರವಾಗಿಲ್ಲ ಬಾ ಕೂತ್ಕೋ ಎಂದು ಒಳಗೆ ಕರೆದುಕೊಂಡಿದ್ದರು. ತಮ್ಮ ಆ ವರ್ಷವೆಲ್ಲ ಫೋನಿನಲ್ಲಿದ್ದ. ಬರುವುದಾಗಲಿಲ್ಲ.

ತಾಯಿ ತೀರಿಕೊಂಡ ಮೇಲೆ ಬಂದ. ಬಂದವನು ವಾರಗಟ್ಟಲೆ ಅಕ್ಕನ ಅಡುಗೆಮನೆಯಲ್ಲಿ ಕೂತು ಅಮ್ಮನ ಆ ವರ್ಷದ ಕಥೆಯನ್ನೆಲ್ಲ ಕೆದಕಿ ಕೆದಕಿ ಕೇಳಿದನಂತೆ. ನಾನು ಇರಲಿಲ್ಲ ಅಲ್ವಾ, ನೀನಾದ್ರೂ ಹೇಳು ಎಂದನಂತೆ. ಪಾಪ, ಒಳಗೊಳಗೇ ಕೊರಗುತ್ತಿದ್ದಾನೆ ಎಂದು ಅಕ್ಕ ಕರುಳು ಬಿಚ್ಚಿ ಹೇಳಿದರು. ಯಾರಿಗೂ ಹೇಳದ್ದನ್ನೂ ಹೇಳಿದರು.

ಕೆಲವು ತಿಂಗಳ ಮೇಲೆ ಅವನೇ ಮಾಡಿದ ಕಿರುಚಿತ್ರ ಹಿಡಿದು ಕೋಣೆಗೆ ಬಂದ. ಯಾವುದೋ ಸ್ಪರ್ಧೆಗೆ ಕಳಿಸಲಿದ್ದ. ಅದಕ್ಕೆ ಮುಂಚೆ ಅಕ್ಕನ ಗುಂಪಿನ ಕಣ್ಣಿಗೆ ಬೀಳಲಿ ಎಂದ. ಕಥೆ ಏನು ಎಂದರೆ ಹೇಳಲಿಲ್ಲ, ನೋಡು ಎಂದ. ಅಕ್ಕ ಅಂದು ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು. ಕೋಲನ್ನೂ ಒರೆಸಿದ್ದರು ಎಂದು ನನ್ನ ಗುಮಾನಿ.

ಚಿತ್ರದಲ್ಲಿ ಒಬ್ಬ ಮುದುಕಿ. ಕೈಯಲ್ಲಿ ಚೀಲ. ಸ್ಕೂಲಿಗೆ ಹೊತ್ತಾಯಿತು ಎನ್ನುತ್ತಾಳೆ. ಅಷ್ಟಕ್ಕೇ ನಮಗೆಲ್ಲ ಗೊತ್ತಾಯಿತು. ಮಗಳು ಮಾತಿಲ್ಲದೆ ಮುದುಕಿಯ ತಲೆ ಬಾಚುತ್ತಾಳೆ, ಸಿಕ್ಕು ಸಿಕ್ಕಿದರೆ ಜಗ್ಗುತ್ತಾಳೆ, ನಡುನಡುವೆ ಗಡಿಯಾರ ನೋಡುತ್ತಾಳೆ. ಕಿವಿಯಿಂದ ಫೋನ್ ತೆಗೆದು ಮೇಜಿನ ಮೇಲಿಡುತ್ತಾಳೆ. ಹೊರಗೆ ಹೋಗಿ ಬಾಗಿಲೆಳೆದು ಚಿಲಕ ಹಾಕುತ್ತಾಳೆ. ಕ್ಯಾಮೆರಾ ಮುದುಕಿಯ ಜೊತೆ ಒಳಗೇ ಉಳಿಯುತ್ತದೆ. ಮುದುಕಿ ಬಾಗಿಲು ತಳ್ಳುತ್ತಾಳೆ, ತಟ್ಟುತ್ತಾಳೆ, ಬಾಗಿಲ ಸಂದಿಯ ಬೆಳಕಿಗೆ ಬೆರಳು ತೂರಿಸುತ್ತಾಳೆ. ಕೊನೆಗೆ ದೂರದಿಂದ ಮಗ ಬಂದು ಚಿಲಕ ತೆಗೆಯುತ್ತಾನೆ. ಮುದುಕಿ ಅವನ ಕೆನ್ನೆ ಮುಟ್ಟುತ್ತಾಳೆ. ಕಪ್ಪು ಪರದೆಯ ಮೇಲೆ ‘ನನ್ನ ಅಮ್ಮನಿಗೆ’ ಎಂಬ ಅಕ್ಷರ.

ದೀಪ ಹಾಕಿದಾಗ ನಾವು ಯಾರೂ ಅಕ್ಕನ ಮುಖ ನೋಡಲಿಲ್ಲ. ಎಲ್ಲರ ಕಣ್ಣೂ ಕೋಲಿನ ಮೇಲೆ. ಇವರು ಹಾಗೆ ಮಾಡಿದ್ದರಾ ಎಂಬ ಪ್ರಶ್ನೆ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅದು ಪರದೆಯ ಮೇಲೆ ಇಲ್ಲದ್ದು. ನಾವು ಕೇಳುವಂತಿಲ್ಲ, ಅವರು ಹೇಳುವಂತಿಲ್ಲ. ಇಷ್ಟು ವರ್ಷ ನಮ್ಮನ್ನು ಹದ್ದುಬಸ್ತಿನಲ್ಲಿಟ್ಟ ನಿಯಮಕ್ಕೆ ಅಂದು ಅವರೇ ಸಿಕ್ಕಿಬಿದ್ದಿದ್ದರು.

ತಮ್ಮ ಮಾತ್ರ ಉತ್ಸಾಹದಲ್ಲಿದ್ದ. ಚಿಕ್ಕಪ್ಪ ನೋಡಿ ಅತ್ತೇಬಿಟ್ಟರು ಎಂದ.

“ಚಿಕ್ಕಪ್ಪ ಯಾವಾಗ ನೋಡಿದ್ರು?” ಎಂದರು ಅಕ್ಕ.

“ಆಗ್ಲೇ ನೋಡಿದಾರೆ. ನೆಂಟರಿಗೆಲ್ಲ ಕಳಿಸಿದ್ದೆ. ನಿಂಗೆ ಮಾತ್ರ ಫೋನಲ್ಲಿ ಬೇಡ, ದೊಡ್ಡದಾಗಿ ತೋರಿಸ್ಬೇಕು ಅಂತ ಇಟ್ಕೊಂಡಿದ್ದೆ ಅಕ್ಕಾ.”

ಅಕ್ಕ ತಲೆಯಾಡಿಸಿದರು. ತಿಂಗಳಿಂದ ಚಿಕ್ಕಪ್ಪ ಅಂಗಡಿಯ ಮುಂದೆ ಹಾದುಹೋಗುವಾಗ ಆ ಕಡೆಯ ಫುಟ್‌ಪಾತ್ ಹಿಡಿಯುತ್ತಿದ್ದದ್ದು ಬಿಸಿಲಿಗಲ್ಲ ಎಂದು ಅವರಿಗೆ ಆಗ ಹೊಳೆದಿರಬೇಕು.

ಸದ್ದಿಲ್ಲದೆ ಎರಡನೆಯ ಸಲ ಹಾಕಿದರು. ಚರ್ಚೆ ಶುರುವಾಯಿತು. ಮೇಷ್ಟ್ರು ಚಿಲಕ ಚೌಕಟ್ಟಿನಲ್ಲಿ ಸರಿಯಾಗಿ ಕೂತಿದೆ ಎಂದು ಗೊಣಗಿ ಕನ್ನಡಕ ಒರೆಸಿಕೊಂಡರು. ಔಷಧಿ ಅಂಗಡಿಯಾಕೆ ಮೊದಲ ಬಾರಿಗೆ ಯಾರಿಗೂ ಯಾವ ಕಾಯಿಲೆಯನ್ನೂ ಹೇಳಲಿಲ್ಲ. ನಾನು ಗಡಿಯಾರದ ಬಗ್ಗೆ ಏನೋ ಹೇಳಿದೆ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಕೊನೆಯ ಸರದಿ ಅಕ್ಕನದು. ಎಂದಿನ ಧ್ವನಿಯಲ್ಲೇ ಮಾತಾಡಿದರು. ಕ್ಯಾಮೆರಾ ತಾಯಿಯ ಪಕ್ಕ ನಿಂತಿದೆ, ಆದ್ದರಿಂದ ನಾವೂ ಅಲ್ಲೇ ನಿಂತೆವು. ತಾಯಿಗೆ ಹೊರಗೆ ಹೋಗಬೇಕು. ಮಗನಿಗೆ ಒಳಗೆ ಬರಬೇಕು. ಮಗಳಿಗೆ ಏನು ಬೇಕು ಎಂದು ಚಿತ್ರ ಕೇಳುವುದೇ ಇಲ್ಲ. ಇಷ್ಟು ಹೇಳಿ ತಮ್ಮನ ಕಡೆ ತಿರುಗಿದರು.

“ಚಿಲಕ ಹಾಕೋ ಮುಂಚೆ ಫೋನಲ್ಲಿ ಯಾರ ಜೊತೆ ಮಾತಾಡ್ತಿದ್ಲು ಅವಳು?”

“ಯಾವ ಫೋನು?”

“ಕಿವಿಯಿಂದ ತೆಗೆದು ಮೇಜಿನ ಮೇಲೆ ಇಟ್ಳಲ್ಲ, ಅದು.”

ಅವನು ಒಂದು ಗಳಿಗೆ ಪೆಚ್ಚಾದ. ಅದು ಸುಮ್ಮನೆ, ನಟಿಯ ಕೈಯಲ್ಲಿತ್ತು ಅಷ್ಟೇ ಎಂದ.

“ಸುಮ್ಮನೆ ಅನ್ನೋದು ಪರದೆ ಮೇಲೆ ಏನೂ ಇರಲ್ಲ ಅಂತ ನಿಂಗೆ ಇದೇ ಕೋಣೇಲಿ ಹೇಳಿಕೊಟ್ಟಿದ್ದೆ ಕಣೋ. ಆ ಫೋನು ಬಂದಾದ ಮೇಲೆ ಅವಳು ಚಿಲಕ ಹಾಕಿದಾಳೆ. ಯಾರು ಮಾಡಿದ್ರು, ಏನಂದ್ರು, ಅದನ್ನ ನೀನು ಬಿಟ್ಟಿದೀಯ. ಯೋಚನೆ ಮಾಡು.”

ಅವನು ತಲೆ ತಗ್ಗಿಸಿ, ಒಳ್ಳೆ ಪಾಯಿಂಟು ಅಕ್ಕಾ ಎಂದ.

ಮರುದಿನ ನನ್ನ ಕನ್ನಡಕದ ಕಡ್ಡಿ ಸಡಿಲವಾಯಿತು. ಸತ್ಯ ಹೇಳಬೇಕೆಂದರೆ ನಾನೇ ಸಡಿಲ ಮಾಡಿಕೊಂಡು ಅಂಗಡಿಗೆ ಹೋದೆ. ಅಕ್ಕ ಕನ್ನಡಕ ಇಸಿದುಕೊಂಡು ಸ್ಕ್ರೂ ಬಿಗಿ ಮಾಡುತ್ತ ತಾವಾಗಿಯೇ ಹೇಳಿದರು. ಅಮ್ಮ ಒಂದು ದಿನ ದೊಡ್ಡ ರಸ್ತೆಯ ನಟ್ಟನಡುವೆ ನಿಂತುಬಿಟ್ಟಿದ್ದರು. ಲಾರಿಯವನು ಬ್ರೇಕು ಹಾಕಿ ಉಳಿಸಿದ. ನೋಡಿಕೊಳ್ಳುವ ಹೆಂಗಸು ಮಧ್ಯಾಹ್ನಕ್ಕೆ ಹೊರಟುಬಿಡುತ್ತಿದ್ದಳು, ಅಂಗಡಿ ಮುಚ್ಚುವುದು ಸಂಜೆಗೆ. ನಡುವಿನ ಹೊತ್ತಿಗೆ ಏನು ಮಾಡಲಿ ಎಂದು ತಮ್ಮನಿಗೆ ಫೋನು ಮಾಡಿ ಅತ್ತಿದ್ದರು. ಕೆಲವು ದಿನ ಬಂದು ಇರು ಎಂದು ಕೇಳಿದ್ದರು. ಅವನು ಮದುವೆ ಸೀಸನ್ ಅಕ್ಕಾ, ಹೊರಗಿಂದ ಚಿಲಕ ಹಾಕ್ಕೊಂಡು ಹೋಗು, ಬೇರೆ ದಾರಿ ಏನಿದೆ ಎಂದಿದ್ದ. ಇವರು ಒಲ್ಲೆ ಎಂದರು. ಅವನು ದಿನಾ ಫೋನು ಮಾಡಿ ಹಾಕಿದೆಯಾ ಎಂದು ಕೇಳಿದ. ಕೊನೆಗೊಂದು ದಿನ ಹಾಕಿದರು.

“ಚಿಲಕ ಹಾಕಿದ್ದು ನಾನೇ. ಅದನ್ನ ಇಲ್ಲ ಅಂತೀನಾ? ಒಳಗಿಂದ ತಟ್ಟೋದು ಮೆಟ್ಟಿಲಿಳಿಯೋ ತನಕ ಕೇಳಿಸ್ತಿತ್ತು. ಅದನ್ನ ಅವನಿಗೆ ಒಬ್ಬನಿಗೇ ಹೇಳ್ಕೊಂಡಿದ್ದೆ.”

ನಾನು ಏನಾದರೂ ಹೇಳಬೇಕಿತ್ತು. ಆದರೆ ಕನ್ನಡಕ ಅವರ ಕೈಯಲ್ಲಿತ್ತು, ಎದುರಿಗಿದ್ದ ಅವರ ಮುಖ ನನಗೆ ಬರೀ ಮಸುಕು ಮಸುಕು. ಮುಖ ಕಾಣದೆ ಸಮಾಧಾನ ಹೇಳುವ ವಿದ್ಯೆ ನನಗೆ ಬಾರದು. ಕನ್ನಡಕ ವಾಪಸು ಮೂಗಿಗೇರಿಸುವಾಗ ಅವರು ಎಂದಿನಂತೆಯೇ ಇದ್ದರು. ಅವನಿಗೆ ಅರ್ಥವಾಗಿದೆ, ಸರಿ ಮಾಡುತ್ತಾನೆ ಎಂದರು.

ಸರಿ ಮಾಡಿದ. ಸ್ವಲ್ಪ ದಿನಕ್ಕೆ ಅಕ್ಕನಿಗೆ ಸಂದೇಶ ಬಂತು: ನೀನು ಹೇಳಿದ ಹಾಗೆ ತಿದ್ದಿದ್ದೇನೆ, ಈಗ ಗಟ್ಟಿಯಾಗಿದೆ, ಸ್ಪರ್ಧೆಯಲ್ಲೂ ಆಯ್ಕೆಯಾಯಿತು, ಗುಂಪಿಗೆ ತೋರಿಸು. ಅಕ್ಕನಿಗೆ ಹೋದ ಜೀವ ಬಂದ ಹಾಗಾಯಿತು. ಭಾನುವಾರದವರೆಗೆ ಕಾಯಲಿಲ್ಲ, ಬುಧವಾರವೇ ಎಲ್ಲರನ್ನೂ ಕರೆದರು. ಆ ಕಡೆಯ ಫುಟ್‌ಪಾತಿನ ಚಿಕ್ಕಪ್ಪನನ್ನು ತಾವೇ ಹೋಗಿ ಕರೆತಂದು, ಕಣ್ಣು ಪರೀಕ್ಷೆಯ ಎತ್ತರದ ಕುರ್ಚಿಯಲ್ಲಿ ಕೂರಿಸಿದರು. ಮುದುಕರು ಹಲ್ಲು ಕೀಳಿಸಿಕೊಳ್ಳಲು ಬಂದವರಂತೆ ಎರಡೂ ಕೈಯಿಂದ ಕುರ್ಚಿ ಹಿಡಿದು ಕೂತರು.

ಮುದುಕಿ ಬಂದಳು. ಚೀಲ ಬಂತು. ತಲೆ ಬಾಚಿದ್ದಾಯಿತು. ಮಗಳು ಗಡಿಯಾರ ನೋಡಿದಳು, ಹೊರಗೆ ಹೋದಳು, ಚಿಲಕ ಹಾಕಿದಳು. ನಡುವೆ ಫೋನು ಇರಲಿಲ್ಲ. ಜೋಡಿಸಿದ ಗುರುತೂ ಕಾಣದಷ್ಟು ನಾಜೂಕಾಗಿ ಕತ್ತರಿಸಿದ್ದ. ಮಗ ಬಂದ, ಚಿಲಕ ತೆಗೆದ. ‘ನನ್ನ ಅಮ್ಮನಿಗೆ’ ಆದ ಮೇಲೆ ಹೊಸದಾಗಿ ಇನ್ನೊಂದು ಸಾಲು ಮೂಡಿತು: ‘ಕಥೆಯನ್ನು ತಿದ್ದಿಕೊಟ್ಟ ನನ್ನ ಅಕ್ಕನಿಗೆ ಕೃತಜ್ಞತೆಗಳು’.

ಸದ್ದಡಗಿಸಿ ಎರಡನೆಯ ಸಲ ಹಾಕಲು ಯಾರೂ ಏಳಲಿಲ್ಲ. ಅಕ್ಕ ಕೋಲು ಹಿಡಿದು ಗೋಡೆಯ ಪಕ್ಕ ನಿಂತೇ ಇದ್ದರು. ಚಿಕ್ಕಪ್ಪ ಕರವಸ್ತ್ರ ಹುಡುಕುತ್ತಿದ್ದರು.

ನಾನು ಎದ್ದು ನಿಂತೆ. ಧೈರ್ಯದಿಂದಲ್ಲ, ಕೂತಿರಲು ಆಗಲಿಲ್ಲ. ಪರದೆಯ ಮೇಲೆ ಇಲ್ಲದ್ದು ಒಂದು ಹೇಳಬೇಕು ಎಂದು ಶುರು ಮಾಡಿ, ಅಭ್ಯಾಸಬಲದಿಂದ ಕೋಲಿನ ಏಟಿಗೆ ಕಾದೆ. ಏಟು ಬೀಳಲಿಲ್ಲ. ಬೀಳುತ್ತದೆಂದು ನಂಬಿ ಬಾಯಿ ತೆರೆದವನಿಗೆ ಮುಂದಿನ ಮಾತೇ ಹೊರಡಲಿಲ್ಲ.

“ನೀವು ಕೂತ್ಕೊಳ್ಳಿ,” ಎಂದರು ಅಕ್ಕ. “ನೀವು ಹೇಳಿದ್ರೆ ಮತ್ತೆ ಗಡಿಯಾರಕ್ಕೇ ಬರ್ತೀರ.”

ಕೋಲನ್ನು ಮೂಲೆಗೆ ಒರಗಿಸಿ, ಚಿಕ್ಕಪ್ಪನ ಎದುರು ಸ್ಟೂಲು ಎಳೆದುಕೊಂಡು ಕೂತು ಎಲ್ಲವನ್ನೂ ಹೇಳಿದರು. ಲಾರಿ, ಮಧ್ಯಾಹ್ನದ ಹೆಂಗಸು, ಮದುವೆ ಸೀಸನ್, ದಿನಾ ಬರುತ್ತಿದ್ದ ಫೋನು, ಮೆಟ್ಟಿಲಿನವರೆಗೆ ಕೇಳಿಸುತ್ತಿದ್ದ ಸದ್ದು. ಅಳಲಿಲ್ಲ. ಔಷಧಿ ಅಂಗಡಿಯಾಕೆ ಅಕ್ಕನ ಪಾಲಿನದನ್ನೂ ಅಳುತ್ತಿದ್ದರು.

ಚಿಕ್ಕಪ್ಪ ಬಹಳ ಹೊತ್ತು ಕರವಸ್ತ್ರವನ್ನು ಮಡಿಸಿದರು, ಬಿಚ್ಚಿದರು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರು. ನೀವು ಕೇಳಲಿಲ್ಲವಲ್ಲ ಎಂದರು ಅಕ್ಕ. ಮುದುಕರು ಹೌದೆನ್ನುವಂತೆ ತಲೆದೂಗಿದರು. ಆಮೇಲೆ, ಏನಾದರೂ ಒಳ್ಳೆಯ ಮಾತಾಡಿ ಎಲ್ಲವನ್ನೂ ತಿಳಿಮಾಡುವ ಹಿರಿಯರ ಚಟಕ್ಕೆ ಬಿದ್ದು, ಬಿಳಿ ಗೋಡೆಯ ಕಡೆ ಕೈ ತೋರಿಸಿದರು.

“ಆದ್ರೂ ಹುಡುಗ ಚೆನ್ನಾಗಿ ಮಾಡಿದಾನೆ ಕಣಮ್ಮಾ.”

“ಚೆನ್ನಾಗಿ ಮಾಡಿದಾನೆ ಚಿಕ್ಕಪ್ಪಾ,” ಎಂದರು ಅಕ್ಕ. “ನಾನೇ ಕಲಿಸಿದ್ದು.”

ಎದ್ದು ಅಕ್ಷರದ ಹಲಗೆಯನ್ನು ತಂದು ಗೋಡೆಗೆ ತೂಗುಹಾಕತೊಡಗಿದರು. ಮೇಷ್ಟ್ರು ಹಿಂದೆ ಸರಿದು ನೋಡಿ, ಎಡಗಡೆ ಸ್ವಲ್ಪ ಮೇಲೆ, ಇನ್ನೂ ಸ್ವಲ್ಪ ಎಂದು ಸಣ್ಣ ದನಿಯಲ್ಲಿ ಹೇಳುತ್ತಿದ್ದರು. ಅಷ್ಟರಲ್ಲಿ ಲೆನ್ಸಿನ ಡಬ್ಬಿಗಳ ಪಕ್ಕ ಇಟ್ಟಿದ್ದ ಅಕ್ಕನ ಫೋನು ಗುಂಯ್‌ಗುಟ್ಟಿ ಮೇಜಿನ ಮೇಲೆ ಜರುಗತೊಡಗಿತು. ಔಷಧಿ ಅಂಗಡಿಯಾಕೆ ಬಗ್ಗಿ ನೋಡಿದರು. ತಮ್ಮ. ಹೇಗಿತ್ತು ಎಂದು ಕೇಳಲು ಇರಬೇಕು.

“ಫೋನು ಬರ್ತಿದೆ ಅಕ್ಕಾ,” ಎಂದರು.

ಅಕ್ಕ ಹಲಗೆಯ ದಾರವನ್ನು ಮೊಳೆಗೆ ಸಿಕ್ಕಿಸಿದರು. ಓರೆಯಾಗಿದೆಯೇ ಎಂದು ತಲೆ ವಾಲಿಸಿ ನೋಡಿದರು.

“ಯಾವ ಫೋನು?” ಎಂದರು.