ಬೇಲಿಯಾಚೆ ಒಂದಿಂಚು ಜಾಸ್ತಿ

"ನನ್ನ ಬೇಲಿ ಆಚೆ ಮಾತ್ರ ಮಳೆ ಒಂದಿಂಚು ಜಾಸ್ತಿ ಹೊಡೀತಾ ಮಾರಾಯ? ಯಾರಿಗೆ ಹೇಳ್ತಿ ಸುಳ್ಳು!"

ಬೆಳಿಗ್ಗೆ ಫೋನ್ ಹಿಡಿದು ನಮ್ಮ ಅಂಗಳಕ್ಕೆ ನುಗ್ಗಿದವರು ಪಕ್ಕದ ತೋಟದ ನಾಗೇಗೌಡರು. ಬೇಲಿ ಜಗಳದ ನಂತರ ನನ್ನ ಗಂಡನೊಡನೆ ಮಾತು ಬಿಟ್ಟು ವರ್ಷಗಳಾಗಿದ್ದವು.

ವೆಬ್ ತಂತ್ರಜ್ಞಾನ ಸಮಾಜವನ್ನು ಹೇಗೆ ಬದಲಿಸುತ್ತದೆ ಎಂಬುದು ಮಗಳು ಸಿಂಚನಾಳ ವಿಶ್ವವಿದ್ಯಾಲಯದ ಕೋರ್ಸ್. ಮೂಡಿಗೆರೆ ಸುತ್ತಿನ ಬೆಳೆಗಾರರು ತಮ್ಮ ತೋಟದಲ್ಲಿ ಕಾಫಿ ಹೂ ಅರಳಿಸುವ ಹೂಮಳೆಯ ಅಳತೆ ಬರೆಯಲೆಂದು ಅವಳೊಂದು ವೆಬ್ ಪುಟ ಮಾಡಿದ್ದಳು. ಅದರಿಂದ ಜನರಲ್ಲಿ ಏನಾದರೂ ಬದಲಾವಣೆ ತೋರಿಸದಿದ್ದರೆ ಅಂಕವಿಲ್ಲ ಎಂದಿದ್ದರು ಮೇಷ್ಟ್ರು.

ಗೌಡರೂ ನನ್ನ ಗಂಡನೂ ನಮ್ಮ ಮಳೆಮಾಪಕದ ಮುಂದೆ ಬಗ್ಗಿದರು. ನಮ್ಮವರು ಪುಟದಲ್ಲಿ ಬರೆದಷ್ಟು ನೀರು ಅದರಲ್ಲಿರಲಿಲ್ಲ.

"ನಿನ್ನ ಹೊಟ್ಟೆ ಉರೀಲಿ ಅಂತ ಸ್ವಲ್ಪ ಸೇರಿಸ್ದೆ" ಎಂದರು ನಮ್ಮವರು.

"ನಾನೂ ಅರ್ಧ ಇಂಚು ಸೇರ್ಸಿದ್ದೆ ಕಣೋ!" ಗೌಡರು ಹೊಟ್ಟೆ ಹಿಡಿದು ನಕ್ಕರು. ಸಿಂಚನಾ ಕುಣಿಯುತ್ತಲೇ ವಿಡಿಯೊ ಮಾಡಿ ಮೇಷ್ಟ್ರಿಗೆ ಕಳಿಸಿದಳು. ಪೂರ್ತಿ ಅಂಕ ಬಂತು.

ಆ ಪುಟದ ಅಂಕಿಗಳನ್ನು ಈಗಲೂ ಯಾರೂ ನಂಬುವುದಿಲ್ಲ. ಅದಕ್ಕೇ ಪ್ರತಿ ಮಳೆಯ ಮರುದಿನ ಮಾಪಕ ನೋಡುವ ನೆಪದಲ್ಲಿ ಗೌಡರು ನಮ್ಮಲ್ಲಿ ಕಾಫಿಗೆ ಹಾಜರು.