ಟವೆಲ್ ಕೆಳಗಿನ ಅಭಿಪ್ರಾಯ

ದೌಲಪ್ಪ ಸೋಮವಾರ ಬೆಳಿಗ್ಗೆ ಕಲಬುರಗಿಯ ಆಸ್ಪತ್ರೆಯಲ್ಲಿ ತೀರಿಕೊಂಡ.

ನನ್ನ ಗೆಳೆಯ, ಕಮಲಾಪುರದವನು, ನೆಹರು ಗಂಜ್ ಮಾರುಕಟ್ಟೆಯಲ್ಲಿ ತೊಗರಿ ದಲ್ಲಾಳಿ. ಅಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ ಮರೆಯಲ್ಲಿ ಎದುರಿನವನ ಬೆರಳು ಹಿಡಿದು ತಿಳಿಸುತ್ತಾರೆ. ದೌಲಪ್ಪ ಈ ವಿದ್ಯೆಯನ್ನು ಮನೆಗೂ ತಂದಿದ್ದ. ಹೆಂಡತಿ ಜಯದೇವಿಯ ಉಪ್ಪಿಟ್ಟನ್ನು ಬಾಯ್ತುಂಬ ಹೊಗಳುತ್ತಲೇ ಟವೆಲ್ ಕೆಳಗೆ ನನ್ನ ಒಂದೇ ಬೆರಳು ಒತ್ತುತ್ತಿದ್ದ: ಐದಕ್ಕೆ ಒಂದು.

ಅದೇ ಊರಿನ ಖೂಬಾ ಪ್ಲಾಟ್ ಬಡಾವಣೆಯಲ್ಲಿ ನಾನು ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆ. 2004ರಲ್ಲಿ ಒಂದು ಸಣ್ಣ ಗೇಮ್ ಮಾಡಿದೆ. ಬಾಳೆತೋಟಕ್ಕೆ ಮಂಗಗಳು ನುಗ್ಗುತ್ತವೆ. ಅಟ್ಟಣಿಗೆಯ ಮೇಲಿನ ಕಾವಲುಗಾರ ಕವಣೆ ಬೀಸಿ ಓಡಿಸಬೇಕು, ಅಷ್ಟೇ. ವಿದ್ಯಾರ್ಥಿಗಳೆಲ್ಲ ‘ಸೂಪರ್ ಸರ್’ ಎಂದರು. ಫೀಸು ಕಡಿಮೆ ಮಾಡಲಿ ಎಂದೇ ಹೊಗಳುವ ಮಕ್ಕಳು ಅವು. ನನಗೆ ಬೇಕಾಗಿದ್ದದ್ದು ದೌಲಪ್ಪನ ಐದು ಬೆರಳು.

ಆಡಿದ. ಎಲ್ಲರೆದುರು “ಭಾರಿ ಛಂದ ಆಗ್ಯಾದ!” ಎಂದ. ಟವೆಲ್ ಕೆಳಗೆ ಎರಡೇ ಬೆರಳು.

ಮೆಟ್ಟಿಲಿಳಿಯುವಾಗ ಅವನನ್ನು ಹಿಡಿದು, ಎರಡೇ ಯಾಕೆ ಎಂದು ಕೇಳಿದೆ.

“ಲೇ ಖಂಡ್ಯಾ, ಮಂಗ್ಯಾ ಹಂಗ ಸಾಲಾಗಿ ಬರ್ತಾವೇನು? ರೇಷನ್ ಅಂಗಡಿಗೆ ಬಂದಾವೇನು? ಕಲ್ಲು ಬಿದ್ದ ಕೂಡಲೇ ಮಾಯ! ಮಂಗ್ಯಾ ಅಂದ್ರ ಗಿಡದ ಮ್ಯಾಲ ಕುಂತು ನಮಗೇ ಹಲ್ಲು ಕಿಸೀಬೇಕು.”

ಕಿಸಿಯುವಂತೆ ಮಾಡಿದೆ. ಮೂರು ಬೆರಳು ಬಂದವು.

“ಬಾಳಿಹಣ್ಣು ಹಳದಿ ಹಾಕೀದಿ. ನಮ್ಮೂರ ಬಾಳಿ ಕೆಂಪು ಇರ್ತಾವ. ಕಮಲಾಪುರದಾಗ ಇದನ್ನ ತೋರಿಸಿದ್ರ ಒದ್ದು ಕಳಸ್ತಾರ.”

ಕೆಂಪು ಹಚ್ಚಿದೆ. ನಾಲ್ಕು. ಐದನೆಯದು ಮಾತ್ರ ವರ್ಷಗಳುರುಳಿದರೂ ಬರಲಿಲ್ಲ. ಏನು ಕಮ್ಮಿ ಎಂದು ಕೇಳಿದರೆ, “ನೀ ಮಾಸ್ತರ ಇದ್ದಿ, ಹುಡುಕು” ಎಂದು ನಗುತ್ತಿದ್ದ.

ಹೋದ ವಾರ ಆಸ್ಪತ್ರೆಯಲ್ಲಿ ಅವನು ಮಲಗಿದ್ದಾಗ ಜಯದೇವಿ ಪಿಸುಗುಟ್ಟಿದರು: “ಅಣ್ಣಾರ, ಇವರು ಸಣ್ಣವರಿದ್ದಾಗ ತ್ವಾಟ ಕಾಯಲಾಕ ಹೋಗಿ ಅಟ್ಟಣಗಿ ಮ್ಯಾಲ ನಿದ್ದಿ ಹೊಡದಿದ್ರು. ಗೊನಿ ಎಲ್ಲಾ ಮಂಗ್ಯಾನ ಪಾಲು. ಊರವರು ಇನ್ನೂ ನಗ್ತಾರ.”

ಆವತ್ತೇ ಕೂತು ಬದಲಿಸಿದೆ. ಈಗ ಕಾವಲುಗಾರ ನಡುನಡುವೆ ತೂಕಡಿಸುತ್ತಾನೆ. ಆಗ ಮಂಗವೊಂದು ಅಟ್ಟಣಿಗೆ ಹತ್ತಿ, ಅವನ ಹೆಗಲಿನ ಟವೆಲ್ ಹೊದ್ದು, ಪಕ್ಕದಲ್ಲೇ ಕೂತು ಹಣ್ಣು ಸುಲಿಯುತ್ತದೆ.

ಭಾನುವಾರ ಸಂಜೆ ಲ್ಯಾಪ್‌ಟಾಪ್ ಒಯ್ದು ತೋರಿಸಿದೆ. ದೌಲಪ್ಪ ಬಹಳ ಹೊತ್ತು ನೋಡಿದ. ಹೆಂಡತಿಯ ಕಡೆ ತಿರುಗಿ, “ಭಾಳ ಕೆಟ್ಟ ಆಗ್ಯಾದ. ಎಲ್ಲಾ ಸುಳ್ಳ ತೋರಿಸ್ಯಾನ” ಎಂದ. ದಿಂಬಿನ ಪಕ್ಕದ ಟವೆಲ್ಲನ್ನು ನನ್ನ ಕೈಮೇಲೆ ಎಳೆದುಕೊಂಡು, ಕೆಳಗೆ ಐದೂ ಬೆರಳು ಹಿಡಿದು ಒತ್ತಿದ. ಆಮೇಲೆ, ವ್ಯಾಪಾರ ಮುಗಿಸಿದವನ ಹಾಗೆ, ಮಲಗಿದಲ್ಲೇ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.